ಒಂಬತ್ತು ಮರಗಳ ಮೇಲಿಂದ ಬಂದ ರೇಂಜ್

ಆ ಭಾನುವಾರ ಬೆಳಿಗ್ಗೆ ನನ್ನ ಹೆಂಡತಿ ಗಿರಿಜ ಅಂಗಳದ ಮೂಲೆಯಲ್ಲಿ ಮೂರು ಕಲ್ಲಿಟ್ಟು, ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ರೈನ್‌ಗಾರ್ಡಿನ ಅಂಟು ಬಿಸಿ ಮಾಡುತ್ತಿದ್ದಳು. ಮಳೆಗಾಲದಲ್ಲೂ ರಬ್ಬರ್ ಹಾಲು ತೆಗೆಯಬೇಕಾದರೆ ಮರದ ಗಾಯದ ಮೇಲೆ ನೀರು ಇಳಿಯಬಾರದು. ಅದಕ್ಕೆ ಪ್ರತಿ ಮರಕ್ಕೂ ಲಂಗದ ಹಾಗೆ ಪ್ಲಾಸ್ಟಿಕ್ ಕಟ್ಟುತ್ತೇವೆ. ಅದರ ಮೇಲಂಚನ್ನು ತೊಗಟೆಗೆ ಹಿಡಿಸುವುದು ಡಾಂಬರಿನಂಥ ಈ ಕಪ್ಪು ಅಂಟು. ನಮ್ಮದು ಮುನ್ನೂರು ಮರ. ಮೇ ತಿಂಗಳ ಕೊನೆ ಬಂದಿತ್ತು, ಅರ್ಧ ಕೆಲಸ ಬಾಕಿ ಇತ್ತು. ನಾನು ಕಟ್ಟಿದ್ದನ್ನು ಅವಳು ಬಿಚ್ಚಿ ಮತ್ತೆ ಕಟ್ಟುತ್ತಿದ್ದದ್ದೇ ಅದಕ್ಕೆ ಕಾರಣ.

"ಇದೆಂತ ನೆರಿಗೆ ಮಾರಾಯ್ರೆ? ಒಂದು ಕಡೆ ಗುಡ್ಡೆ, ಒಂದು ಕಡೆ ಬಯಲು!"

"ಮರ ಎಂತ ಮದುವೆಗೆ ಹೋಗ್ತದಾ?" ಎಂದೆ.

"ಹೋಗದಿದ್ರೂ ಒದ್ದೆ ಆಗಬಾರದು. ಎಲ್ಲಿ ಸಡಿಲ ಉಂಟು ಅಂತ ನೀರು ಹುಡುಕಿಕೊಂಡೇ ಬರುದು. ಸರಿಯಿರಿ ಅತ್ಲಾಗೆ."

ಅವಳು ಸೀರೆಯ ನೆರಿಗೆ ಹಿಡಿಯುವ ಹಾಗೆಯೇ ಬೆರಳ ಸಂದಿಯಲ್ಲಿ ಪ್ಲಾಸ್ಟಿಕ್ಕನ್ನು ಮಡಚಿಕೊಂಡು ಹೋಗುತ್ತಿದ್ದಳು. ಒಂದರಷ್ಟೇ ಅಗಲ ಇನ್ನೊಂದು. ನಾನು ನೋಡುತ್ತಾ ನಿಂತಿದ್ದೆ. ಕಲಿಯಲಿಲ್ಲ. ಕಲಿಯುವ ಅಗತ್ಯ ಬರುತ್ತದೆ ಎಂದು ಅನಿಸಿರಲಿಲ್ಲ.

ಸಂಜೆ ನಾಲ್ಕಕ್ಕೆ ಇಬ್ಬರೂ ಗುಡ್ಡ ಹತ್ತಿ ರೇಂಜ್ ಕಲ್ಲಿಗೆ ಹೋದೆವು. ಕಡಬದಿಂದ ಜೀಪಿನಲ್ಲಿ ಬಂದು, ಹೊಳೆ ದಾಟಿ, ಮೇಲೇರಿದರೆ ಸಿಗುವ ನಮ್ಮ ಏಳು ಮನೆಗಳಲ್ಲಿ ಯಾರಿಗೂ ಮೊಬೈಲ್ ರೇಂಜ್ ಇರಲಿಲ್ಲ. ಮಾತಾಡಬೇಕಾದರೆ ಇಪ್ಪತ್ತು ನಿಮಿಷ ಹತ್ತಿ ಆ ಬಂಡೆಯ ಮೇಲೆ ನಿಲ್ಲಬೇಕು. ಪ್ರತಿ ಭಾನುವಾರ ಅಲ್ಲಿಂದ ಅರಂತೋಡಿನಲ್ಲಿರುವ ಮಗಳು ಶ್ವೇತಾಳಿಗೆ ಗಿರಿಜ ಕರೆ ಮಾಡುತ್ತಿದ್ದಳು. ಆ ದಿನವೂ ಮಾತಾಡಿದಳು. ಹಲಸಿನ ಹಪ್ಪಳ, ಅಳಿಯನ ಕೆಮ್ಮು, ಎಲ್ಲ ಆಯಿತು. ಆಮೇಲೆ ನನ್ನ ಕಡೆ ನೋಡಿ, ದನಿ ತಗ್ಗಿಸಿ, "ಮತ್ತೆ ಒಂದು ವಿಷಯ ಉಂಟು ಮಗಾ, ಅಪ್ಪನಿಗೆ ಇನ್ನೂ ಹೇಳಲಿಲ್ಲ..." ಎಂದಳು. ಅಷ್ಟಕ್ಕೆ ರೇಂಜ್ ಹೋಯಿತು. ಪಡುವಣದಿಂದ ಮೋಡ ಕವಿದು ಬರುತ್ತಿತ್ತು. ಬಂಡೆಯ ಆ ತುದಿಗೆ ಹೋದಳು, ಈ ತುದಿಗೆ ಬಂದಳು. ಸಿಗಲಿಲ್ಲ.

"ಎಂತ ವಿಷಯ?" ಎಂದು ಕೇಳಿದೆ.

"ಅವಳಿಗೆ ಹೇಳಿದ ಮೇಲೆ ನಿಮಗೆ. ಬನ್ನಿ, ಮಳೆ ಬರ್ತದೆ," ಎಂದು ನಗುತ್ತಾ ಇಳಿದಳು.

ಮರುದಿನ ಬೆಳಿಗ್ಗೆ ಟ್ಯಾಪಿಂಗ್ ಕತ್ತಿ ಹಿಡಿದು ಹೋದವಳು ಮನೆಯ ಮುಂದಿನ ಇಳಿಜಾರಿನ ಕೊನೆಯ ಸಾಲಿನಲ್ಲಿ ಮರಕ್ಕೆ ಒರಗಿ ಕೂತಿದ್ದಳು. "ಎದೆ ಬಿಗಿದ ಹಾಗೆ ಆಗ್ತದೆ," ಎಂದಳು. ಬೆವರಿನಿಂದ ರವಿಕೆ ಒದ್ದೆಯಾಗಿತ್ತು. ಪಕ್ಕದ ಮನೆಯ ಸಂಜೀವಣ್ಣನ ತಾಯಿಯನ್ನು ಅವಳ ಹತ್ತಿರ ಕೂರಿಸಿ ನಾನು ರೇಂಜ್ ಕಲ್ಲಿಗೆ ಓಡಿದೆ. ಮಳೆ ಹನಿಯುತ್ತಿತ್ತು. ಫೋನಿನಲ್ಲಿ ಒಂದು ಕಡ್ಡಿ ಬರುವುದು, ಹೋಗುವುದು. ಎಷ್ಟು ಸಲ ಒತ್ತಿದೆನೋ ಗೊತ್ತಿಲ್ಲ. ಕೊನೆಗೆ ಜೀಪಿನ ಲಿಂಗಪ್ಪ ಸಿಕ್ಕಿದ. ನಾನು ಇಳಿದು ಬಂದೆ, ಅವನು ಹತ್ತಿ ಬಂದ. ಪುತ್ತೂರಿನ ಆಸ್ಪತ್ರೆ ತಲುಪುವಾಗ ಅವಳ ಕೈ ತಣ್ಣಗಾಗಿತ್ತು. ಡಾಕ್ಟರು ನನ್ನ ಹೆಗಲ ಮೇಲೆ ಕೈಯಿಟ್ಟು, "ಅರ್ಧ ಗಂಟೆ ಮೊದಲು ಬರ್ತಿದ್ರೆ..." ಎಂದು ನಿಲ್ಲಿಸಿದರು.

ಬಂದವರೆಲ್ಲ ಒಂದೇ ಮಾತು ಹೇಳಿದರು. ಅವಳ ಆಯುಷ್ಯ ಅಷ್ಟೇ ಇತ್ತು, ಬಾಬಣ್ಣ. ನಾನು ತಲೆ ಆಡಿಸುತ್ತಿದ್ದೆ. ಒಪ್ಪಿ ಆಡಿಸಿದ್ದಲ್ಲ. ಒಪ್ಪುವುದಿಲ್ಲ ಎಂದು ಹೇಳುವ ಶಕ್ತಿ ಆಗ ಇರಲಿಲ್ಲ. ಕಲ್ಲಿನ ಮೇಲೆ ನಿಂತು ಕಳೆದ ಹೊತ್ತನ್ನು ನಾನು ನೋಡಿದ್ದೆ, ಅವರು ನೋಡಿರಲಿಲ್ಲ.

ಈ ಸಲವೂ ಮೇ ತಿಂಗಳಲ್ಲಿ ಅಂಟು ಕಾಯಿಸಿದೆ. ಆ ವಾಸನೆ ಮೂಗಿಗೆ ಬಡಿದಾಗ ಅವಳು ಹೋದ ನಂತರದ ಆ ಒಂದು ವರ್ಷ ಎದ್ದು ನಿಂತಿತು. ನಾನು ಹತ್ತನೇ ಕ್ಲಾಸಿನವರೆಗೆ ಓದಿದವನು. ತಿಳಿದಷ್ಟು ಬರೆಯುತ್ತೇನೆ.

ಮಳೆಗಾಲವಿಡೀ ಅರ್ಜಿ ಹಿಡಿದು ಅಲೆದೆ. ಒಂದು ಮೊಬೈಲ್ ಕಂಪೆನಿಯ ಕಚೇರಿಯಲ್ಲಿ ಹುಡುಗರ ಪ್ರಾಯದ ಅಧಿಕಾರಿ ಮರ್ಯಾದೆಯಿಂದಲೇ ಮಾತಾಡಿದ. "ಏಳು ಮನೆಗೆ ಟವರ್ ಹಾಕಲಿಕ್ಕೆ ಆಗುದಿಲ್ಲ ಅಂಕಲ್. ಇನ್ನೊಂದಿಷ್ಟು ಮನೆಗಳಾದ್ರೆ ನೋಡುವ."

"ಇದ್ದ ಮನೆಗಳಲ್ಲೇ ಜನ ಕಮ್ಮಿ ಆಗ್ತಾ ಉಂಟು," ಎಂದು ಎದ್ದು ಬಂದೆ.

ಬಸ್ಸಿಗೆ ಕಾಯುವಾಗ ಕಡಬದಲ್ಲಿ ಹಮೀದಾಕನ ಅಂಗಡಿಗೆ ಹೋಗಿ ಕೂರುವುದು ನನ್ನ ಅಭ್ಯಾಸ. ಅಬ್ದುಲ್ ಹಮೀದ್ ಎಂದು ಹೆಸರು. ನಾವೆಲ್ಲ ಹಮೀದಾಕ ಎನ್ನುತ್ತೇವೆ. ಮಿಕ್ಸಿ, ಫ್ಯಾನು, ಡಿಶ್ ಟಿವಿ ರಿಪೇರಿ ಮಾಡುವ ಬ್ಯಾರಿ. ಅದಕ್ಕೂ ಮೊದಲು ಗಲ್ಫಿನ ಮರಳುಗಾಡಿನಲ್ಲಿ ಟವರ್ ಹತ್ತಿ ಡಿಶ್ಶಿನಂಥ ದೊಡ್ಡ ದೊಡ್ಡ ಬಟ್ಟಲುಗಳನ್ನು ಒಂದಕ್ಕೊಂದು ಮುಖ ಮಾಡಿ ಕೂರಿಸುವ ಕೆಲಸದಲ್ಲಿದ್ದವರು. ಮೊಣಕಾಲು ಹೋದ ಮೇಲೆ ಊರಿಗೆ ಬಂದವರು. ನನ್ನ ಅರ್ಜಿಯನ್ನು ಓದಿ ಮಡಚಿ ಕೈಗೆ ಕೊಟ್ಟರು.

"ಇದನ್ನು ಒಲೆಗೆ ಹಾಕು ಮಾರಾಯ. ಟವರ್ ಯಾಕೆ? ಪೆರಾಬೆಯಲ್ಲಿ ನನ್ನ ಭಾವನ ಮನೆಗೆ ಕೇಬಲ್‌ನವರ ಇಂಟರ್‌ನೆಟ್ ಬಂದಿದೆ. ಅವನ ಟೆರೇಸಿನಿಂದ ನಿನ್ನ ಗುಡ್ಡೆ ಕಾಣ್ತದೆ. ಕಂಡರೆ ಸಾಕು. ಅಲ್ಲೊಂದು ಬಟ್ಟಲು, ನಿನ್ನ ಮನೆಯ ಮಾಡಿನ ಮೇಲೊಂದು ಬಟ್ಟಲು. ಆಮೇಲೆ ಏಳು ಮನೆಗೂ ವೈಫೈ. ಫೋನು ಅದರಲ್ಲೇ ಹೋಗ್ತದೆ."

"ಕಾನೂನು?"

"ವೈಫೈಯ ಅಲೆಗೆ ಲೈಸೆನ್ಸ್ ಬೇಡ. ಕೇಬಲ್‌ನವರ ಒಪ್ಪಿಗೆ ಕಾಗದ ನಾನು ಮಾಡಿಸ್ತೇನೆ. ನಿನಗೆ ಹಟ ಉಂಟಾ ಹೇಳು."

"ಅದೊಂದೇ ಇರುದು," ಎಂದೆ.

ಜನವರಿಯ ಕೊನೆಗೆ ಬಟ್ಟಲು ಏರಿತು. ಸಿಡಿಲಿಗೆ ಹೆದರಿ ಅಲೆ ಹೊರಡಿಸುವ ರೇಡಿಯೋ ಪೆಟ್ಟಿಗೆಯನ್ನು ಮನೆಯ ಒಳಗಿಟ್ಟು, ಅಲ್ಲಿಂದ ದಪ್ಪ ಕರಿ ಕೇಬಲನ್ನು ಮಾಡಿನ ಮೇಲಿನ ಬಟ್ಟಲಿಗೆ ಎಳೆದೆವು. ಹಮೀದಾಕ ಪೆರಾಬೆಯ ಟೆರೇಸಿನಲ್ಲಿ, ನಾನು ನಮ್ಮ ಮಾಡಿನ ಮೇಲೆ. ಬಟ್ಟಲನ್ನು ಒಂದೊಂದು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದ ಹಾಗೆ ಪೆಟ್ಟಿಗೆಯ ಪಚ್ಚೆ ದೀಪಗಳು ಒಂದರ ನಂತರ ಒಂದು ಹತ್ತಿದವು. ಮೊದಲ ಕರೆ ಹಮೀದಾಕನದ್ದೇ ಬಂತು. "ಎಂತ ಬಾಬು, ನಿನ್ನ ಗುಡ್ಡೆ ಈಗ ಭೂಮಿಗೆ ಸೇರಿತಾ?" ಅಡುಗೆಮನೆಯಲ್ಲಿ ನಿಂತು ನಾನು ಫೋನಿನಲ್ಲಿ ಮಾತಾಡಿದ್ದು ಅದೇ ಮೊದಲು.

ಆದರೆ ನಾವಿಬ್ಬರೂ ಒಂದು ತಪ್ಪು ಮಾಡಿದ್ದೆವು. ಅವರು ಮರಳುಗಾಡಿನವರು, ಅವರಿಗೆ ತಿಳಿಯದಿದ್ದರೆ ಕ್ಷಮೆ ಉಂಟು. ನಾನು ರಬ್ಬರಿನವನು, ನನಗೆ ಇಲ್ಲ. ಜನವರಿ ಕೊನೆ ಎಂದರೆ ರಬ್ಬರ್ ಎಲೆ ಉದುರಿಸಿ ಬೋಳಾಗಿ ನಿಲ್ಲುವ ಕಾಲ. ಇಳಿಜಾರಿನ ಕೊನೆಯ ಸಾಲಿನ ತುದಿಗಳ ನಡುವಿನಿಂದ ಪೆರಾಬೆಯ ಟೆರೇಸು ಕನ್ನಡಿಯ ಹಾಗೆ ಕಾಣುತ್ತಿತ್ತು. ಮಾರ್ಚಿಗೆ ತಾಮ್ರದ ಬಣ್ಣದ ಚಿಗುರು ಬಂತು, ಒಂದು ದೀಪ ಆರಿತು. ಎಲೆ ಬಲಿತ ಮೇಲೆ ಮತ್ತೊಂದು. ಏಪ್ರಿಲಿನಲ್ಲಿ ಒಂದು ಸಂಜೆ ಮಳೆ ಸುರಿದು ಎಲೆಯೆಲ್ಲ ನೆನೆಯಿತು. ಎಲ್ಲ ದೀಪಗಳೂ ಆರಿದವು.

ನೀರು ತುಂಬಿದ ಎಲೆ ಈ ಅಲೆಯನ್ನು ಕುಡಿದುಬಿಡುತ್ತದಂತೆ. ನೇರ ಗೆರೆಯಲ್ಲಿ ಕಂಡರೆ ಮಾತ್ರ ಸಾಲದು, ಗೆರೆಯ ಸುತ್ತ ಒಂದಿಷ್ಟು ಜಾಗ ಖಾಲಿ ಇರಬೇಕಂತೆ. ಹಮೀದಾಕ ಜೀಪಿನಲ್ಲಿ ಬಂದು ಅಂಗಳದಲ್ಲಿ ನಿಂತು ಆ ಸಾಲನ್ನು ನೋಡಿದರು. ಸಂಜೀವಣ್ಣನೂ ಬಂದು ಪಕ್ಕದಲ್ಲಿ ನಿಂತ. ಬಟ್ಟಲು ಏರಿದ ದಿನದಿಂದಲೂ ಅದಕ್ಕೆ 'ಬಾಬಣ್ಣನ ಕೊಡೆ' ಎಂದು ಹೆಸರಿಟ್ಟವನು ಅವನೇ.

"ಕೊಡೆ ಮಳೆಗಾಲಕ್ಕೆ ಅಲ್ವಾ ಹಿಡಿಯುದು? ನಿಮ್ಮದು ಬಿಸಿಲಿಗೆ ಮಾತ್ರವಾ?" ಎಂದ. ಆಮೇಲೆ, "ಒಂಬತ್ತು ಮರ ಅಲ್ವಾ ಅಡ್ಡ ಇರುದು? ಕಡಿದರೆ ಆಯ್ತಲ್ಲ," ಎಂದ.

ಹಮೀದಾಕ ನನ್ನ ಮುಖ ನೋಡಲಿಲ್ಲ. "ಮರ ಇಲ್ಲದಿದ್ರೆ ಸುಲಭ," ಎಂದರು.

ಆ ಒಂಬತ್ತು ಮರ ಗಿರಿಜಳದ್ದು. ಇಡೀ ತೋಟಕ್ಕೆ ಗಿಡ ನೆಟ್ಟು ಮುಗಿದ ಮೇಲೆ ಉಳಿದ ಗಿಡಗಳನ್ನು, ಕಲ್ಲು ನೆಲ, ಬದುಕುವುದಿಲ್ಲ ಎಂದು ನಾನು ಹೇಳುತ್ತಿದ್ದಂತೆಯೇ, ಅವಳು ತಾನೇ ಗುಂಡಿ ತೋಡಿ ಅಲ್ಲಿ ನೆಟ್ಟಿದ್ದಳು. ಎಲ್ಲವೂ ಬದುಕಿದವು. ಆ ಸೋಮವಾರ ಅವಳು ಒರಗಿ ಕೂತಿದ್ದದ್ದು ಅವುಗಳಲ್ಲಿ ಮೂರನೆಯದಕ್ಕೆ.

"ಕಡಿಯುದಿಲ್ಲ," ಎಂದೆ.

"ಹಾಗಾದ್ರೆ ರೇಂಜ್ ಬೇಡವಾ?" ಸಂಜೀವಣ್ಣ ಕೇಳಿದ.

"ಬೇಕು. ಮರವೂ ಇರಬೇಕು, ರೇಂಜೂ ಬರಬೇಕು."

"ಎರಡೂ ಒಟ್ಟಿಗೆ ಹೇಗೆ ಆಗ್ತದೆ ಮಾರಾಯ್ರೆ?"

"ಹೇಗೆ ಅಂತ ಗೊತ್ತಿಲ್ಲ. ಆಗ್ತದೆ."

ಹಮೀದಾಕ ಜೋರಾಗಿ ನಕ್ಕರು. "ಗಲ್ಫಿನಲ್ಲಿ ನಮ್ಮ ಸೂಪರ್‌ವೈಸರ್ ಕೂಡ ಹೀಗೇ ಹೇಳುದು. ಸರಿ, ಮೇಲಿಂದ ಹೋಗುವ."

ಎರಡು ಉದ್ದದ ಕಬ್ಬಿಣದ ಪೈಪುಗಳನ್ನು ಒಂದರ ಮೇಲೊಂದು ಸೇರಿಸಿ ಕಂಬ ಮಾಡಿದೆವು. ಬುಡದಲ್ಲಿ ಬಿಜಾಗರಿ ಇಟ್ಟು, ಬೇಕಾದಾಗ ಮಲಗಿಸುವ ಹಾಗೆ. ಎಬ್ಬಿಸುವ ದಿನ ಏಳು ಮನೆಯವರೂ ಹಗ್ಗ ಹಿಡಿದರು. ಸಂಜೀವಣ್ಣ, "ನಾನು ಬೀಳುದನ್ನು ನೋಡಲಿಕ್ಕೆ ಬಂದದ್ದು," ಎನ್ನುತ್ತಲೇ ಎಲ್ಲರಿಗಿಂತ ಮುಂದೆ ನಿಂತು ಎಳೆದ. ಬಟ್ಟಲು ಎಲೆಗಳ ಮೇಲಿಂದ ತಲೆ ಎತ್ತಿತು. ದೀಪ ಮಾತ್ರ ಹತ್ತಲಿಲ್ಲ.

ಈ ತಪ್ಪು ನನ್ನೊಬ್ಬನದ್ದೇ. ಕಂಬದ ಎತ್ತರಕ್ಕೆ ಹಳೆಯ ಕೇಬಲ್ ಗಿಡ್ಡವಾಗಿತ್ತು. ಕಂಬ ಎಬ್ಬಿಸುವ ಹಿಂದಿನ ದಿನ ನಾನು ಮನೆಯಲ್ಲಿದ್ದ ಡಿಶ್ ಟಿವಿಯ ವಯರಿನ ತುಂಡೊಂದನ್ನು, ಬಲ್ಬಿನ ವಯರು ಸೇರಿಸಿದ ಹಾಗೆ ತಿರುಚಿ, ಟೇಪು ಸುತ್ತಿ ಸೇರಿಸಿದ್ದೆ. ತಾಮ್ರಕ್ಕೆ ತಾಮ್ರ ತಾಗಿದರೆ ಸಾಕು ಎಂದುಕೊಂಡಿದ್ದೆ. ಹಮೀದಾಕ ಪೆಟ್ಟಿಗೆಯ ಹತ್ತಿರ ತಮ್ಮ ಹಳೆಯ ಮೀಟರನ್ನು ಸೇರಿಸಿ ನೋಡಿದರು. ಕೇಬಲ್ಲಿನಲ್ಲಿ ಹೋಗುವುದು ಎಷ್ಟು, ತಿರುಗಿ ಬರುವುದು ಎಷ್ಟು ಎಂದು ಎರಡನ್ನೂ ತೋರಿಸುವ ಮೀಟರು ಅದು. ಹೋದದ್ದರಲ್ಲಿ ದೊಡ್ಡ ಪಾಲು ವಾಪಸು ಬರುತ್ತಿತ್ತು.

"ಗಂಟು ಎಲ್ಲಿ ಹಾಕಿದ್ದಿ?" ಎಂದು ಕೇಳಿದರು. ತೋರಿಸಿದೆ. ಬಯ್ಯಲಿಲ್ಲ. ಬಾವಿಯ ದಪ್ಪ ಹಗ್ಗವನ್ನು ತರಿಸಿ, ಅದರ ತುದಿಗೆ ಬಟ್ಟೆ ಒಣಗಿಸುವ ಸಪೂರ ಹಗ್ಗ ಕಟ್ಟಿ, ಆ ತುದಿಯನ್ನು ಅಂಗಳದಾಚೆಯ ಬೇಲಿಯ ಕಂಬಕ್ಕೆ ಬಿಗಿದು, ದಪ್ಪ ತುದಿಯನ್ನು ನನ್ನ ಕೈಗೆ ಕೊಟ್ಟರು.

"ಕುಡುಗು."

ಕೈಯನ್ನು ಒಮ್ಮೆ ಝಾಡಿಸಿ ಕುಡುಗಿದೆ. ಹಗ್ಗದಲ್ಲಿ ಒಂದು ಗೂನು ಎದ್ದು ಓಡಿತು. ಗಂಟಿನ ಹತ್ತಿರ ಅದು ಎರಡಾಯಿತು. ಒಂದು ಮುಂದಕ್ಕೆ ಹೋಯಿತು, ಇನ್ನೊಂದು ತಿರುಗಿ ಬಂದು ನನ್ನ ಕೈಗೆ ಬಡಿಯಿತು.

"ನೋಡಿದ್ಯಾ? ದಾರಿ ಬದಲಾದದ್ದು ಅಲೆಗೆ ಗೊತ್ತಾಗಬಾರದು. ಗೊತ್ತಾದ್ರೆ ತಿರುಗ್ತದೆ. ಟಿವಿಯ ವಯರಿನ ಅಳತೆ ಬೇರೆ, ಇದರದ್ದು ಬೇರೆ. ಅದರಿಂದ ನಷ್ಟ ಆಗುದು ಸ್ವಲ್ಪವೇ. ಮುಕ್ಕಾಲು ಹಾಳು ಮಾಡಿದ್ದು ನೀನು ತಿರುಚಿದ ಗಂಟು. ಒಳಗಿನ ತಂತಿ, ಹೊರಗಿನ ಬಲೆ, ಎರಡರ ನಡುವಿನ ಅಂತರ, ಎಲ್ಲ ಕೊನೆಯವರೆಗೂ ಒಂದೇ ಹಾಗೆ ಇರಬೇಕು."

ನಾನು ಹಗ್ಗವನ್ನು ಮತ್ತೆ ಮತ್ತೆ ಕುಡುಗಿದೆ. ಅವರು ತಡೆಯಲಿಲ್ಲ. ಸಂಜೀವಣ್ಣನ ತಾಯಿ ಜಗಲಿಯಿಂದ, "ಇವನಿಗೆ ಎಂತ ಆಯ್ತು ಮಾರಾಯ್ರೆ, ಹಗ್ಗದಲ್ಲಿ ಆಡ್ತಾನೆ!" ಎಂದರು.

ಹಮೀದಾಕ ಮಂಗಳೂರಿನಿಂದ ಅದೇ ಜಾತಿಯ ಕೇಬಲ್ ತುಂಡು ಮತ್ತು ತಿರುಪಿನ ಜೋಡಣೆ ತರಿಸಿದರು. ಕಂಬ ಮಲಗಿಸಿ, ಹಾಕಿ, ಎಬ್ಬಿಸಿದೆವು. ವಾಪಸು ಬರುವುದು ಹೆಚ್ಚುಕಡಿಮೆ ಸೊನ್ನೆಗಿಳಿಯಿತು. ದೀಪಗಳೆಲ್ಲ ಹತ್ತಿದವು. ಅದು ಮೇ ತಿಂಗಳ ನಡುಭಾಗ. ವರ್ಷಾಂತಿಕಕ್ಕೆ ಬಂದ ಶ್ವೇತಾ ಅಮ್ಮನ ಅಡುಗೆಮನೆಯಿಂದ ಗಂಡನಿಗೆ ಕರೆ ಮಾಡಿ ಅತ್ತಳು.

ಜೂನ್ ಎರಡನೆಯ ವಾರ ಮಳೆ ಹಿಡಿಯಿತು. ನಾಲ್ಕನೆಯ ದಿನ ದೀಪಗಳು ಮಂಕಾದವು. ಹಮೀದಾಕ ಮೀಟರು ಬಿಟ್ಟು ಹೋಗಿದ್ದರು. ನೋಡಿದೆ. ವಾಪಸು ಬರುವುದು ಏರಿತ್ತು. ಕಂಬ ಮಲಗಿಸಿ ಜೋಡಣೆ ಬಿಚ್ಚಿದರೆ ಒಳಗೆ ಒಂದು ತೊಟ್ಟು ನೀರು. ಹೊಸ ತುಂಡು, ಹೊಸ ಟೇಪು. ಒಂದು ವಾರ ನಡೆಯಿತು. ಮತ್ತೆ ನೀರು. ಟೇಪಿನ ಮೇಲೆ ಟೇಪು ಸುತ್ತಿದೆ. ಮತ್ತೆ ನೀರು.

"ಒಂದು ತೊಟ್ಟು ನೀರು ಅಲೆಗೆ ಗೋಡೆ ಇದ್ದ ಹಾಗೆ," ಎಂದರು ಫೋನಿನಲ್ಲಿ ಹಮೀದಾಕ. ನಾನು ಆಗ ರೇಂಜ್ ಕಲ್ಲಿನ ಮೇಲೆ ಕೊಡೆ ಹಿಡಿದು ನಿಂತಿದ್ದೆ. ಒಂದು ವರ್ಷದ ನಂತರ ಮತ್ತೆ ಅದೇ ಮಳೆ, ಅದೇ ಬಂಡೆ. "ನಮಗೆ ಅಲ್ಲಿ ಮರಳಿನ ಕಾಟ ಬಾಬು. ನಿಮ್ಮ ಮಳೆ ನನಗೆ ಗೊತ್ತಿಲ್ಲ. ಸೆಪ್ಟೆಂಬರಿನವರೆಗೆ ಬಿಟ್ಟುಬಿಡುವ."

"ಮಳೆಗಾಲದಲ್ಲಿ ಇಲ್ಲದಿದ್ರೆ ನನಗೆ ಯಾಕೆ ಅದು?" ಎಂದು ಫೋನ್ ಇಟ್ಟೆ. ಅವರ ಮೇಲೆ ನಾನು ಸಿಟ್ಟು ಮಾಡಿದ್ದು ಅದೊಂದೇ ಸಲ.

ಗುಡ್ಡ ಇಳಿದು ಬರುವ ದಾರಿ ಆ ಒಂಬತ್ತು ಮರಗಳ ಪಕ್ಕದಲ್ಲೇ. ಧೋ ಎಂದು ಸುರಿಯುತ್ತಿತ್ತು. ಪ್ರತಿ ಮರದ ತೊಗಟೆಯ ಮೇಲೂ ನೀರು ಹಾವಿನ ಹಾಗೆ ಇಳಿದು ಬಂದು, ಪ್ಲಾಸ್ಟಿಕ್ಕಿನ ಮೇಲೆ ಹಾದು, ಅಂಚಿನಿಂದ ಹೊರಗೆ ಬೀಳುತ್ತಿತ್ತು. ಕೆಲವು ಮರಗಳಲ್ಲಿ ನಾನು ಕಟ್ಟಿದ ಕಡೆ ಸೋರಿ ಹಾಲಿಗೆ ನೀರು ಸೇರಿತ್ತು. ಮೂರನೆಯ ಮರದಲ್ಲಿ ಹಿಂದಿನ ವರ್ಷ ಗಿರಿಜ ಕಟ್ಟಿದ್ದ ಹಳೆಯ ಪ್ಲಾಸ್ಟಿಕ್ ಹಾಗೇ ಇತ್ತು. ಅದನ್ನು ಬದಲಿಸಲು ನನಗೆ ಕೈ ಬಂದಿರಲಿಲ್ಲ. ಕೆಳಗೆ ಬೆರಳಿಟ್ಟು ನೋಡಿದೆ. ಒಣಗಿತ್ತು.

ಅಲ್ಲೇ ಕೊಡೆ ಇಟ್ಟು ಕೂತು ಅವಳ ನೆರಿಗೆಗಳನ್ನು ಒಂದೊಂದಾಗಿ ನೋಡಿದೆ. ಪ್ರತಿ ಮಡಿಕೆಯೂ ಹಿಂದಿನ ಮಡಿಕೆಯ ಅರ್ಧದ ಮೇಲೆ ಕೂತಿತ್ತು. ಅಂಟು ಮೇಲಂಚಿಗೆ ಮಾತ್ರವಲ್ಲ, ಪ್ರತಿ ಮಡಿಕೆಯ ಒಳಗೂ ಇತ್ತು. ನಾನು ಇಷ್ಟು ವರ್ಷ ಮಡಚಿದ ಮೇಲೆ ಹೊರಗಿನಿಂದ ಅಂಟು ಬಳಿಯುತ್ತಿದ್ದೆ. ಅವಳು ಅಂಟು ಬಳಿದು ಮಡಚುತ್ತಿದ್ದಳು. ಇಷ್ಟೇ ವ್ಯತ್ಯಾಸ. ಕೇಳಿದ್ದರೆ ಹೇಳುತ್ತಿದ್ದಳು. ಬಹುಶಃ ಹೇಳಿಯೂ ಇದ್ದಳು.

ಮರುದಿನ ಮಳೆ ಬಿಟ್ಟು ಹೊಳವಾದಾಗ ಕಂಬ ಮಲಗಿಸಿದೆ. ಜೋಡಣೆ ಒರಸಿ ಒಣಗಿಸಿ, ಟೇಪು ಸುತ್ತಿ, ಅದರ ಮೇಲ್ಗಡೆ ಕೇಬಲಿಗೂ ಕಂಬಕ್ಕೂ ಸೇರಿಸಿ ರೈನ್‌ಗಾರ್ಡ್ ಕಟ್ಟಿದೆ. ಮೊದಲು ಅಂಟು, ಆಮೇಲೆ ಮಡಿಕೆ. ಮೂರು ಸಲ ಬಿಚ್ಚಿದೆ. ನಾಲ್ಕನೆಯದು ಸರಿಯಾಯಿತು. ಹಗ್ಗ ಎಳೆಯಲು ಬಂದ ಸಂಜೀವಣ್ಣ ಅದನ್ನು ನೋಡಿ, "ಕಂಬಕ್ಕೂ ಲಂಗ ತೊಡಿಸಿದ್ರಾ?" ಎಂದ. ಆಮೇಲೆ ನನ್ನ ಮುಖ ನೋಡಿ ಹಗ್ಗ ಹಿಡಿದ.

ಆ ಜುಲೈ ಪೂರ್ತಿ ದೀಪ ಆರಲಿಲ್ಲ. ದಿನಕ್ಕೊಮ್ಮೆ ಮೀಟರು ನೋಡುತ್ತಿದ್ದೆ. ಮುಳ್ಳು ಅಲ್ಲಾಡಲಿಲ್ಲ. ಹಮೀದಾಕ ಮೊಣಕಾಲು ಎಳೆದುಕೊಂಡು ನೋಡಲು ಬಂದರು. "ಇದನ್ನು ಯಾರು ಕಲಿಸಿದ್ದು?" ಎಂದು ಕೇಳಿದರು. "ಗಿರಿಜ," ಎಂದೆ. ಅವರು ಟೊಪ್ಪಿ ಸರಿಮಾಡಿಕೊಂಡು ಆ ಸಾಲಿನ ಕಡೆ ನೋಡಿದರು.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಸಂಜೀವಣ್ಣನ ತಾಯಿಗೆ ಉಬ್ಬಸ ಏರಿ ಉಸಿರು ಸಿಗದಾಯಿತು. ಹೊರಗೆ ನಮ್ಮ ಕಡೆಯ ಮಳೆ. ಅವನು ಚಾವಡಿಯಲ್ಲಿ ನಿಂತೇ ಲಿಂಗಪ್ಪನಿಗೆ ಕರೆ ಮಾಡಿದ. ಅದೇ ಜೀಪು, ಅದೇ ದಾರಿ, ಪುತ್ತೂರಿನ ಅದೇ ಆಸ್ಪತ್ರೆ. ಐದನೆಯ ದಿನ ಅವರು ಮನೆಗೆ ಬಂದರು. ಸಂಜೀವಣ್ಣ ಅಂದು ಸಂಜೆ ನಮ್ಮ ಅಂಗಳದಲ್ಲಿ ಬಂದು ನಿಂತ.

"ಎಂತ ಸಂಜೀವಣ್ಣ?"

"ಎಂತ ಇಲ್ಲ," ಎಂದ. ಕಂಬದ ಬುಡದ ಬಿಜಾಗರಿಗೆ ಎಣ್ಣೆ ಹಾಕಿ ಹೋದ. ಈಗಲೂ ತಿಂಗಳಿಗೊಮ್ಮೆ ಬಂದು ಹಾಕುತ್ತಾನೆ.

ಆ ದಿನ ನನಗೆ ಸಂತೋಷವಾಯಿತು. ಸಿಟ್ಟೂ ಬಂತು, ಅದನ್ನು ಮುಚ್ಚಿಡುವುದಿಲ್ಲ. ಒಂದು ಕಂಬ, ಒಂದು ಕೇಬಲ್, ಎರಡು ಬಟ್ಟಲು ಮೊದಲೇ ಇದ್ದಿದ್ದರೆ ಎಂದು. ಜೀಪು ಎಷ್ಟು ಬೇಗ ಬಂತು ಎನ್ನುವುದರ ಮೇಲೆ ಆಯುಷ್ಯ ನಿಂತಿರುವುದಾದರೆ, ಅದನ್ನು ಆಯುಷ್ಯ ಎಂದು ನಾನು ಕರೆಯುವುದಿಲ್ಲ. ಅವಳದ್ದು ಅಷ್ಟೇ ಇತ್ತು ಎಂದು ಯಾರಾದರೂ ಈಗ ಹೇಳಿದರೆ ನಾನು ತಲೆ ಆಡಿಸುವುದಿಲ್ಲ. ಕೈ ಹಿಡಿದು ಅಂಗಳಕ್ಕೆ ಕರೆದುಕೊಂಡು ಹೋಗಿ ಕಂಬ ತೋರಿಸುತ್ತೇನೆ.

ಒಂಬತ್ತು ಮರಗಳೂ ಇವೆ. ಈ ಮೇ ತಿಂಗಳಲ್ಲಿ ಮೂರನೆಯ ಮರಕ್ಕೂ ಹೊಸ ಪ್ಲಾಸ್ಟಿಕ್ ಕಟ್ಟಿದೆ. ಸೋರುತ್ತಿಲ್ಲ. ಪ್ರತಿ ಭಾನುವಾರ ನಾಲ್ಕಕ್ಕೆ ಶ್ವೇತಾ ಕರೆ ಮಾಡುತ್ತಾಳೆ. ನಾನು ಅಡುಗೆಮನೆಯ ಕಿಟಕಿಯ ಹತ್ತಿರ ಕೂತು ಮಾತಾಡುತ್ತೇನೆ. ಎಷ್ಟು ಹೊತ್ತು ಮಾತಾಡಿದರೂ ನಡುವೆ ಕಡಿಯುವುದಿಲ್ಲ. ಕೆಲವೊಮ್ಮೆ ಅವಳು, "ಅಪ್ಪಾ, ಅಮ್ಮ ಆ ದಿನ ಎಂತ ಹೇಳ್ಲಿಕ್ಕೆ ಹೊರಟದ್ದು ಅಂತ ನಿಮಗೆ ಏನಾದ್ರೂ ಅಂದಾಜು ಉಂಟಾ?" ಎಂದು ಕೇಳುತ್ತಾಳೆ. ನಾನು ಕಪಾಟಿನ ಸೀರೆಗಳ ನಡುವೆ, ಗಿರಿಜಳ ಡಬ್ಬಿಗಳಲ್ಲಿ ಎಲ್ಲ ಹುಡುಕಿದ್ದೇನೆ. ಸಂಜೀವಣ್ಣನ ತಾಯಿಯನ್ನೂ ಕೇಳಿದ್ದೇನೆ.

ಗಿರಿಜ ಹೇಳಲು ಹೊರಟಿದ್ದ ಆ ವಿಷಯ ಏನೆಂದು ನನಗೂ ಗೊತ್ತಿಲ್ಲ, ಮಗಳಿಗೂ ಗೊತ್ತಿಲ್ಲ.